ಎಲೀಟ್ ಡೇಂಜರಸ್ ಡಾಗ್‌ಫೈಟಲ್ಲಿ ಹಿಂದೆ ಬಿದ್ದ ಶಿಪ್ಪನ್ನ ಮುಂದೆ ತರೋದು ಹೇಗೆ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಎಲೀಟ್ ಡೇಂಜರಸ್ ಅನ್ನೋ ಬಾಹ್ಯಾಕಾಶದ ಗೇಮಲ್ಲಿ ಈಗಲ್ ಅನ್ನೋ ಸಣ್ಣ ಫೈಟರ್ ಶಿಪ್ ತಗೊಂಡಿದ್ದೀರ, ಕೀಬೋರ್ಡು ಮೌಸಲ್ಲಿ ಆಡ್ತೀರ, ಫುಲ್ ಸ್ಪೀಡಲ್ಲಿ ಹೋದ್ರೂ ಎದುರಾಳಿ ಬೆನ್ನಿಗೇ ಅಂಟ್ಕೊಂಡಿರ್ತಾನೆ, ಎಷ್ಟು ತಿರುಗಿಸಿದ್ರೂ ಕಣ್ಮುಂದೆ ಬರೋದೇ ಇಲ್ಲ, ದೊಡ್ಡ ಶಿಪ್ ತಗೋಬೇಕಾ ಅಂತ ಕೇಳಿದ್ದೀರ. ಈಗ್ಲೇ ಬೇಡ. ತಿರುಗೋ ವಿಷಯದಲ್ಲಿ ಈಗಲ್ ಈ ಗೇಮಲ್ಲಿ ಮುಂದಿನ ಸಾಲಲ್ಲೇ ಇರೋ ಶಿಪ್ಪು. ತೊಂದ್ರೆ ಎಲ್ಲಿದೆ ಅಂತ ನೀವೇ ಬರೆದಿದ್ದೀರ ನೋಡಿ, ಫುಲ್ ಸ್ಪೀಡ್ ಅಂತ.

ರೇಡಾರ್ ಬಲಗಡೆ ಸ್ಪೀಡ್ ತೋರ್ಸೋ ಪಟ್ಟಿ ಇದ್ಯಲ್ಲ, ಅದರ ಮಧ್ಯದಲ್ಲಿ ಒಂದು ಭಾಗ ನೀಲಿ ಇರುತ್ತೆ. ಸ್ಪೀಡು ಆ ನೀಲಿ ಒಳಗಿದ್ದಾಗ ಶಿಪ್ ಜೋರಾಗಿ ತಿರುಗುತ್ತೆ, ಅದಕ್ಕಿಂತ ಮೇಲೆ ಹೋದ್ರೂ ತಿರುಗೋದು ಕಮ್ಮಿ ಆಗುತ್ತೆ, ತೀರಾ ನಿಂತ್ಬಿಟ್ರೂ ಕಮ್ಮಿ ಆಗುತ್ತೆ. ಫುಲ್ ಥ್ರಾಟಲಲ್ಲಿ, ಅಂದ್ರೆ ಫುಲ್ ಸ್ಪೀಡಲ್ಲಿ, ನೀವು ತಿರುಗ್ತಾ ಇದ್ರೆ ನಿಮ್ಮ ಸುತ್ತು ದೊಡ್ಡದು, ಅವನು ನೀಲೀಲಿ ಇದ್ರೆ ಅವನ ಸುತ್ತು ಚಿಕ್ಕದು, ಇನ್ನು ಅವನು ಬೆನ್ನ ಹಿಂದೆ ಬರದೆ ಎಲ್ಲಿಗೆ ಹೋಗ್ತಾನೆ. ಸೆಟ್ಟಿಂಗ್ಸಲ್ಲಿ ಸ್ಪೀಡನ್ನ ನೇರ ಐವತ್ತು ಪರ್ಸೆಂಟಿಗೆ ತರೋ ಆಪ್ಷನ್ ಇದೆ, ಅದನ್ನ ಹೆಬ್ಬೆರಳಿಗೆ ಸಿಗೋ ಮೌಸ್ ಬಟನ್ನಿಗೆ ಕೊಟ್ಕೊಳ್ಳಿ, ಇವತ್ತೇ ಮಾಡಿ. ಫೈಟಲ್ಲಿ ಸ್ಪೀಡ್ ಏರಿಸಿ ಇಳಿಸೋ ಡಬ್ಲ್ಯೂ ಎಸ್ ಕೀ ಒತ್ತಿ ಒತ್ತಿ ನೀಲಿ ಹುಡುಕೋಕೆ ಟೈಮ್ ಇರಲ್ಲ.

ಇಷ್ಟು ಮಾಡಿದ್ರೇ ಅರ್ಧ ಸರಿ ಹೋಗುತ್ತೆ. ಉಳಿದರ್ಧ ಸ್ವಲ್ಪ ಕಷ್ಟ, ಯಾಕಂದ್ರೆ ನಮ್ಮೆಲ್ಲರ ತಲೇಲಿ ವಿಮಾನ ಕೂತಿದೆ. ಮೂತಿ ಯಾವ ಕಡೆಗೋ ಪ್ರಯಾಣ ಆ ಕಡೆಗೇ ಅನ್ನೋದು ವಿಮಾನಕ್ಕೆ ಹೆಚ್ಚುಕಮ್ಮಿ ನಿಜ, ಇಲ್ಲಿ ಅಲ್ಲ. ಇಲ್ಲಿ ಮೂತಿ ಬೇರೆ, ಪ್ರಯಾಣದ ದಿಕ್ಕು ಬೇರೆ. ಮೂತಿ ಅವನ ಮೇಲಿಟ್ಟು ಶಿಪ್ಪನ್ನ ಮೇಲಕ್ಕೆ, ಕೆಳಕ್ಕೆ, ಎಡಕ್ಕೆ, ಬಲಕ್ಕೆ, ಹಿಂದಕ್ಕೂ ತಳ್ಳಬಹುದು. ಕೀಬೋರ್ಡಲ್ಲಿ ಡೀಫಾಲ್ಟಾಗಿ ಆರ್ ಮೇಲಕ್ಕೆ, ಎಫ್ ಕೆಳಕ್ಕೆ, ಕ್ಯೂ ಎಡಕ್ಕೆ, ಇ ಬಲಕ್ಕೆ. ಸುಮಾರು ಜನ ಈ ನಾಲ್ಕು ಕೀನ ಲ್ಯಾಂಡಿಂಗ್ ಟೈಮಲ್ಲಿ ಮಾತ್ರ ಮುಟ್ತಾರೆ, ಫೈಟಲ್ಲಿ ಬೆರಳು ಅಲ್ಲೇ ಇರ್ಬೇಕು.

ಈಗ ನೀವು ಹೇಳಿದ ಪರಿಸ್ಥಿತಿಗೇ ಬರೋಣ. ಇಬ್ರೂ ಒಬ್ಬರ ಬಾಲ ಒಬ್ರು ಹಿಡಿಯೋಕೆ ಗಾಣದ ಎತ್ತಿನ ಥರ ಸುತ್ತುತ್ತಾ ಇದ್ದೀರ. ಮೊದಲು ಶಿಪ್ಪನ್ನ ರೋಲ್ ಮಾಡಿ, ಅಂದ್ರೆ ಪಕ್ಕಕ್ಕೆ ಉರುಳಿಸಿ, ಅವನು ನಿಮ್ಮ ತಲೆ ಮೇಲೆ ಬರೋ ಹಾಗೆ ತನ್ನಿ, ಆಮೇಲೆ ಪಿಚ್ ಮಾಡಿ ಮೂತಿ ಮೇಲಕ್ಕೆಳೀರಿ. ಎ ಡಿ ಒತ್ತಿ ಪಕ್ಕಕ್ಕೆ ತಿರುಗಿಸ್ತಾ ಕೂರಬೇಡಿ, ಈ ಗೇಮಲ್ಲಿ ಪಕ್ಕಕ್ಕೆ ಮೂತಿ ತಿರುಗೋದು ಯಾವಾಗ್ಲೂ ನಿಧಾನ, ಗುರಿ ಚೂರು ಸರಿಮಾಡ್ಕೊಳ್ಳೋಕೆ ಮಾತ್ರ ಅದು. ಪಿಚ್ ಮಾಡ್ತಾ ಇರೋವಾಗ್ಲೇ ಆರ್ ಒತ್ತಿ ಹಿಡೀರಿ, ಆಗ ಶಿಪ್ ಸುತ್ತಿನ ಒಳಗಡೆಗೆ ಸರಿಯುತ್ತೆ, ಸುತ್ತು ಚಿಕ್ಕದಾಗುತ್ತೆ, ಎರಡು ಮೂರು ಸುತ್ತಲ್ಲಿ ಅವನ ಇಂಜಿನ್ನಿನ ಬೆಳಕು ಸ್ಕ್ರೀನ್ ಮೇಲ್ಗಡೆಯಿಂದ ಇಳಿದು ಬರೋದು ಕಾಣುತ್ತೆ. ನನಗೆ ಈ ಗೇಮಲ್ಲಿ ಅದಕ್ಕಿಂತ ಖುಷಿ ಕೊಡೋ ಇನ್ನೊಂದು ದೃಶ್ಯ ಇಲ್ಲ.

ಅವನು ತೀರಾ ಹತ್ರ ಇದ್ದು ಕಣ್ಮುಂದೆಯಿಂದ ಸರ್ ಅಂತ ಜಾರಿ ಹೋಗ್ತಾ ಇದ್ರೆ ಇದರ ಉಲ್ಟಾ ಮಾಡ್ಬೇಕು. ಹತ್ರ ಇರೋದು ಅಡ್ಡ ಹೋದ್ರೆ ಮೂತಿ ತುಂಬಾ ತಿರುಗಿಸ್ಬೇಕು, ದೂರ ಇರೋದು ಅಷ್ಟೇ ಸ್ಪೀಡಲ್ಲಿ ಅಡ್ಡ ಹೋದ್ರೂ ಸ್ವಲ್ಪ ತಿರುಗಿಸಿದ್ರೆ ಸಾಕು. ಅದಕ್ಕೇ ಥ್ರಾಟಲ್ ಹಿಂದಕ್ಕೆಳೆದು ರಿವರ್ಸ್ ಹೋಗಿ, ಮೂತಿ ಅವನ ಕಡೇನೇ ಇರ್ಲಿ, ಒಂದು ಕಿಲೋಮೀಟರ್ ಹತ್ತಿರ ಗ್ಯಾಪ್ ಬಂದ್ಮೇಲೆ ಅವನು ತಾನಾಗೇ ಗನ್ನಿನ ಮುಂದೆ ನಿಂತಿರ್ತಾನೆ. ರಿವರ್ಸಲ್ಲಿ ಸ್ಪೀಡ್ ಕಮ್ಮಿ ಇರೋದ್ರಿಂದ ಇದು ತಪ್ಪಿಸ್ಕೊಳ್ಳೋ ದಾರಿ ಅಲ್ಲ, ಅವನನ್ನ ಮುಂದೆ ಇಟ್ಕೊಳ್ಳೋ ದಾರಿ ಅಷ್ಟೆ.

ಇನ್ನೊಂದು, ಎದುರಾಎದುರು ಬರೋದು. ಇಬ್ರೂ ನೇರ ನುಗ್ಗಿ ಹೊಡೆದು ಒಬ್ಬರನ್ನೊಬ್ರು ದಾಟಿ ಹೋಗಿ ಮತ್ತೆ ತಿರುಗಿ ಬರೋದು, ಇದ್ರಲ್ಲಿ ಸಣ್ಣ ಶಿಪ್ಪಿಗೇ ನಷ್ಟ ಜಾಸ್ತಿ. 1993ರಲ್ಲಿ ಬಂದ ಎಲೀಟ್ ಸರಣಿಯ ಎರಡನೇ ಗೇಮು ಫ್ರಾಂಟಿಯರ್ ಪೂರ್ತಿ ನ್ಯೂಟನ್ ನಿಯಮದ ಮೇಲೆ ಇತ್ತು, ಸ್ಪೀಡಿಗೆ ಮಿತಿ ಇಲ್ದೆ ಫೈಟ್ ಅಂದ್ರೆ ಹೆಚ್ಚಾಗಿ ಬರೀ ಈ ದಾಟಾಟನೇ ಆಗ್ತಿತ್ತು, 2014ರ ಡೇಂಜರಸಲ್ಲಿ ಪ್ರತಿ ಶಿಪ್ಪಿಗೂ ಟಾಪ್ ಸ್ಪೀಡ್ ಮಿತಿ, ನೀಲಿ ವಲಯ ಎಲ್ಲ ಇರೋದ್ರಿಂದ್ಲೇ ಇಲ್ಲಿ ಬೆನ್ನು ಹಿಡಿಯೋ ಆಟ ಸಾಧ್ಯ ಆಗಿರೋದು. ಆದ್ರಿಂದ ಅವನು ನೇರ ಬರ್ತಾ ಇದ್ರೆ ದಾಟೋಕ್ಕಿಂತ ಮುಂಚೆನೇ ಥ್ರಾಟಲ್ ಇಳಿಸಿ, ಸ್ವಲ್ಪ ಕೆಳಕ್ಕೋ ಪಕ್ಕಕ್ಕೋ ಜಾರಿ. ಅವನು ಮುಂದೆ ನುಗ್ಗಿ ಹೋಗ್ತಾನೆ, ನೀವು ಆಗ್ಲೇ ನೀಲೀಲಿ ಇರೋದ್ರಿಂದ ಬೇಗ ತಿರುಗಿ ಅವನ ಬೆನ್ನು ನೋಡ್ತೀರ.

ಫ್ಲೈಟ್ ಅಸಿಸ್ಟ್ ಆಫ್ ಬಗ್ಗೆ ಎಲ್ರೂ ದೊಡ್ಡದಾಗಿ ಹೇಳ್ತಾರೆ. ಅಸಿಸ್ಟ್ ಆನ್ ಇದ್ರೆ ಕಂಪ್ಯೂಟರು ಶಿಪ್ಪಿನ ಜಾರಾಟನ ತಾನೇ ಬ್ರೇಕ್ ಹಾಕಿ ಮೂತಿ ಕಡೆ ತಿರುಗಿಸುತ್ತೆ, ಆಫ್ ಮಾಡಿದ್ರೆ ಹೋಗ್ತಾ ಇದ್ದ ದಿಕ್ಕಲ್ಲೇ ಹೋಗ್ತಾ ಇರುತ್ತೆ, ನೀವು ಮೂತಿ ಎಲ್ಲಿಗೆ ಬೇಕಾದ್ರೂ ತಿರುಗಿಸ್ಬಹುದು. ಪೂರ್ತಿ ಫೈಟ್ ಆಫಲ್ಲೇ ಆಡೋ ಕಮಾಂಡರ್‌ಗಳು, ಅಂದ್ರೆ ಈ ಗೇಮಿನ ಆಟಗಾರರು, ಇದ್ದಾರೆ, ಅವರು ಹಾರಿಸೋದು ನೋಡೋಕೇ ಚೆಂದ, ಆದ್ರೆ ನೀವು ಈಗ ಒಂದೇ ಒಂದು ಪಟ್ಟು ಕಲೀರಿ. ಬೆನ್ನ ಹಿಂದೆ ಒಬ್ಬ ಬಿದ್ದಿದ್ದಾನೆ ಅಂದ್ಕೊಳ್ಳಿ. ಟ್ಯಾಬ್ ಒತ್ತಿ ಬೂಸ್ಟ್ (ಒಂದೇ ಸಲ ಸ್ಪೀಡ್ ಜೋರಾಗಿ ಏರಿಸೋದು), ತಕ್ಷಣ ಝಡ್ ಒತ್ತಿ ಅಸಿಸ್ಟ್ ಆಫ್, ಮೂತಿ ಪೂರ್ತಿ ಹಿಂದಕ್ಕೆ ತಿರುಗಿಸಿ. ಈಗ ನೀವು ಅವನಿಂದ ದೂರ ಹೋಗ್ತಾನೇ ಅವನ ಮುಖಕ್ಕೆ ಗುಂಡು ಹೊಡೀತಾ ಇದ್ದೀರ. ಝಡ್ ಮತ್ತೆ ಒತ್ತೋ ಮುಂಚೆ ಥ್ರಾಟಲ್ ಎಲ್ಲಿದೆ ನೋಡ್ಕೊಳ್ಳಿ, ಅದು ಫುಲ್ಲಲ್ಲಿದ್ರೆ ಅಸಿಸ್ಟ್ ಆನ್ ಆದ ಕೂಡ್ಲೆ ಶಿಪ್ ಅವನ ಕಡೆಗೇ ನುಗ್ಗುತ್ತೆ.

ಇದನ್ನ ಫೈಟಲ್ಲಿ ಕಲಿಯೋಕೆ ಹೋಗ್ಬೇಡಿ. ಬೇರೆ ಆಟಗಾರರಿಲ್ಲದ ಸೋಲೋ ಮೋಡಲ್ಲಿ ಯಾವ್ದಾದ್ರೂ ಗ್ರಹದ ಉಂಗುರಕ್ಕೆ ಹೋಗಿ, ಒಂದು ದೊಡ್ಡ ಬಂಡೆ ಹಿಡ್ಕೊಂಡು, ಮೂತಿ ಬಂಡೆ ಮೇಲಿಟ್ಟು ಕ್ಯೂ ಇ ಮಾತ್ರ ಒತ್ತಿ ಅದರ ಸುತ್ತ ಸುತ್ತೋದು ಪ್ರಾಕ್ಟೀಸ್ ಮಾಡಿ, ಮೊದಲು ಅಸಿಸ್ಟ್ ಆನ್, ಆಮೇಲೆ ಆಫ್. ದೂರ ಹೆಚ್ಚುಕಮ್ಮಿ ಆಗದ ಹಾಗೆ ಒಂದು ಸುತ್ತು ಬಂದ್ರೆ ನಿಮ್ಮ ಕೈ ರೆಡಿ ಆಗಿದೆ ಅಂತ. ಮೌಸಿಗೆ ರಿಲೇಟಿವ್ ಮೌಸ್ ಅಂತ ಸೆಟ್ಟಿಂಗ್ ಇದೆ, ಆನ್ ಮಾಡಿ ಆಫ್ ಮಾಡಿ ಎರಡೂ ನೋಡಿ, ಅದು ಅವರವರ ಕೈಗೆ ಬಿಟ್ಟಿದ್ದು.

ಪಿಪ್ಸ್, ಅಂದ್ರೆ ಶಿಪ್ಪಿನ ಪವರನ್ನ ಹಂಚೋ ಚುಕ್ಕಿಗಳ ಬಗ್ಗೆ ನೀವು ಕೇಳಿಲ್ಲ ಆದ್ರೂ ಹೇಳ್ಲೇಬೇಕು, ಯಾಕಂದ್ರೆ ತಿರುಗೋದಕ್ಕೂ ಅದಕ್ಕೂ ನೇರ ಸಂಬಂಧ ಇದೆ. ಒಟ್ಟು 6 ಪಿಪ್, ಸಿಸ್ಟಮ್, ಇಂಜಿನ್, ವೆಪನ್ ಮೂರಕ್ಕೆ ಹಂಚ್ಬೇಕು, ಒಂದಕ್ಕೆ ಹೆಚ್ಚಂದ್ರೆ 4. ಇಂಜಿನ್ನಿಗೆ ಪಿಪ್ ಕೊಟ್ರೆ ಬೂಸ್ಟ್ ಬೇಗ ತುಂಬೋದಷ್ಟೇ ಅಲ್ಲ, ಟಾಪ್ ಸ್ಪೀಡು ಮತ್ತೆ ತಿರುಗೋ ಶಕ್ತಿ ಎರಡೂ ಜಾಸ್ತಿ ಆಗುತ್ತೆ. ಸಿಸ್ಟಮ್ಮಿಗೆ ಕೊಟ್ರೆ ಶೀಲ್ಡ್ ಮೇಲೆ ಬೀಳೋ ಪೆಟ್ಟೇ ಕಮ್ಮಿ ಆಗುತ್ತೆ. ಹಾಗಾಗಿ ಎರಡು ಎರಡು ಎರಡು ಅಂತ ಬಿಟ್ಟು ಆಡೋದು ದೊಡ್ಡ ವೇಸ್ಟು. ಬೆನ್ನು ಹಿಡಿಯೋಕೆ ತಿರುಗ್ತಾ ಇದ್ದೀರಾ, 4 ಇಂಜಿನ್ನಿಗೆ. ಗುರಿ ಸಿಕ್ತಾ, ವೆಪನ್ನಿಗೆ. ಅವನ ಗನ್ ನಿಮ್ಮ ಮೇಲಿದ್ಯಾ, ಸಿಸ್ಟಮ್ಮಿಗೆ. ಆರೋ ಕೀಗಳಲ್ಲಿ ಎಡ ಸಿಸ್ಟಮ್, ಮೇಲೆ ಇಂಜಿನ್, ಬಲ ವೆಪನ್, ಕೆಳಗೆ ಒತ್ತಿದ್ರೆ ಸಮ. ಬಲಗೈ ಮೌಸಲ್ಲಿರೋದ್ರಿಂದ ಇವನ್ನೂ ಮೌಸಿನ ಸೈಡ್ ಬಟನ್ನಿಗೋ ಎಡಗೈ ಹತ್ರಕ್ಕೋ ತಗೊಂಡ್ಬನ್ನಿ.

ಗನ್ ವಿಷಯ ಚಿಕ್ಕದಾಗಿ. ಈಗಲ್‌ನ ಮೂರು ಸಣ್ಣ ಹಾರ್ಡ್‌ಪಾಯಿಂಟಿಗೆ (ಗನ್ ಕೂರಿಸೋ ಜಾಗ) ಎರಡು ಪಲ್ಸ್ ಲೇಸರು ಒಂದು ಮಲ್ಟಿ ಕ್ಯಾನನ್ನು ಹಾಕಿ, ಗಿಂಬಲ್ ಇರೋದೇ, ಅಂದ್ರೆ ಟಾರ್ಗೆಟ್ ಕಡೆ ಸ್ವಲ್ಪ ತಾನೇ ತಿರುಗೋದೇ ಹಾಕಿ. ಲೇಸರ್ ಶೀಲ್ಡ್ ಇಳಿಸೋಕೆ, ಕ್ಯಾನನ್ ಒಳಗಿನ ಬಾಡಿಗೆ. ಅವನು ಗುರಿ ತಪ್ಪಿಸೋ ಚ್ಯಾಫ್ ಬಿಟ್ಟು ನಿಮ್ಮ ಗನ್ನು ಎಲ್ಲೆಲ್ಲೋ ಅಲ್ಲಾಡೋಕೆ ಶುರುವಾದ್ರೆ ಟಾರ್ಗೆಟ್ ಬಿಟ್ಬಿಡಿ, ಆಗ ಗನ್ ನೇರಕ್ಕೆ ನಿಲ್ಲುತ್ತೆ, ಕಣ್ಣಂದಾಜಲ್ಲಿ ಹೊಡೀರಿ.

ಫೈಟ್ ಮಾಡೋಕೆ ರಿಸೋರ್ಸ್ ಎಕ್ಸ್‌ಟ್ರಾಕ್ಷನ್ ಸೈಟಿಗೆ (ಉಂಗುರಗಳಲ್ಲಿ ಗಣಿಗಾರಿಕೆ ನಡೆಯೋ, ಕಳ್ಳರು ಬರೋ ಜಾಗ) ಕಾರ್ಗೋ ಖಾಲಿ ಇಟ್ಕೊಂಡು ಹೋಗಿ, ಹಜಾರ್ಡಸ್ ಅಂತ ಇರೋದು ಬೇಡ, ಅಲ್ಲಿ ಪೊಲೀಸ್ ಇರಲ್ಲ. ಸ್ಕ್ಯಾನ್ ಮುಗಿದು ವಾಂಟೆಡ್, ಅಂದ್ರೆ ಅಪರಾಧಿ, ಅಂತ ಬಂದ್ಮೇಲೆನೇ ಟ್ರಿಗರ್. ಸೋಲ್ತಾ ಇದ್ದೀರ ಅನ್ನಿಸಿದ್ರೆ ಗನ್ ಒಳಗೆ ತಗೊಂಡು ಬೇರೆ ಸ್ಟಾರ್ ಸಿಸ್ಟಮ್ಮಿಗೆ ಜಂಪ್ ಹಾಕಿ, ಅದೇ ಸಿಸ್ಟಮ್ ಒಳಗೆ ವೇಗವಾಗಿ ಓಡಾಡೋ ಸೂಪರ್‌ಕ್ರೂಸಿಗೆ ಅಲ್ಲ. ಪಕ್ಕದಲ್ಲಿ ದೊಡ್ಡ ಶಿಪ್ ಇದ್ರೆ ಸೂಪರ್‌ಕ್ರೂಸ್ ಚಾರ್ಜಾಗೋದನ್ನ ಅದರ ಮಾಸ್ ಲಾಕ್ (ಅದರ ತೂಕದ ಪ್ರಭಾವ) ತುಂಬಾ ನಿಧಾನ ಮಾಡುತ್ತೆ, ಸಿಸ್ಟಮ್ ಜಂಪನ್ನ ನಿಧಾನ ಮಾಡಲ್ಲ. ಅದಕ್ಕೇ ಫೈಟಿಗೆ ಹೋಗೋ ಮುಂಚೆನೇ ಒಂದು ಸಿಸ್ಟಮ್ ಸೆಲೆಕ್ಟ್ ಮಾಡಿಟ್ಟಿರಿ.

ಈಗಲ್ ಕೈಗೆ ಕೂತ್ಮೇಲೂ ಹೊಸ ಶಿಪ್ ಬೇಕು ಅನ್ನಿಸಿದ್ರೆ ವಲ್ಚರ್ ಅನ್ನೋ ಫೈಟರ್ ಶಿಪ್ ನೋಡಿ. ಎರಡು ಲಾರ್ಜ್ ಹಾರ್ಡ್‌ಪಾಯಿಂಟು, ತಿರುಗೋದೂ ಚೆನ್ನಾಗಿದೆ, ಮೇಲೆ ಬರೆದ ಎಲ್ಲ ಪಟ್ಟೂ ಹಾಗೇ ನಡೆಯುತ್ತೆ. ಅದರ ಪವರ್ ಪ್ಲಾಂಟ್ ಮಾತ್ರ ಚಿಕ್ಕದು, ದೊಡ್ಡ ಗನ್ನು ಒಳ್ಳೆ ಶೀಲ್ಡು ಎರಡೂ ಹಾಕಿದ್ರೆ ಕರೆಂಟ್ ಸಾಲಲ್ಲ, ಮಾಡ್ಯೂಲ್ಸ್ ಪ್ಯಾನಲಲ್ಲಿ ಕಾರ್ಗೋ ಹ್ಯಾಚ್ ಆಫ್ ಮಾಡಿ ಅಲ್ಲಿಂದ ಲೆಕ್ಕ ಹಾಕೋಕೆ ಶುರು ಮಾಡಿ.