ದ್ವೀಪದಲ್ಲಿ ಯಾರೂ ಕೆಲಸ ಮಾಡುವುದಿಲ್ಲವೇ?

ನಮ್ಮ ಪತ್ರಿಕೆಗೆ ನೀವು ಕಳುಹಿಸಿದ ಲಕ್ಷದ್ವೀಪ ಪ್ರವಾಸದ ಬರಹ ಓದಿದೆ. ಭಾಷೆ ಸಲೀಸಾಗಿದೆ. ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ಹಡಗು ಹವಳದ ದಂಡೆಯಾಚೆಗೇ ನಿಂತುಬಿಡುವುದು, ಅಲೆ ಮೇಲೆದ್ದ ಹೊತ್ತು ನೋಡಿಕೊಂಡು ಜನ ಮಕ್ಕಳು ಮರಿ ಸಮೇತ ಸಣ್ಣ ದೋಣಿಗೆ ಇಳಿಯುವುದು, ಆ ನಾಲ್ಕು ಸಾಲು ಚೆನ್ನಾಗಿವೆ. ಹೊಗಳಿಕೆ ಇಷ್ಟೇ. ಮುಂದಿನದು ಸ್ವಲ್ಪ ಖಾರ.

ಶುರುವಿನ ಮುತ್ತು, ಪಚ್ಚೆ, ನೀಲಿ ಸೆರಗಿನ ಹೋಲಿಕೆಗಳನ್ನೆಲ್ಲ ಬಿಟ್ಟುಬಿಡುತ್ತೇನೆ. ಮೊದಲ ಸಲ ಸಮುದ್ರ ನೋಡಿದವರು ಯಾರೂ ಅದರಿಂದ ತಪ್ಪಿಸಿಕೊಂಡಿಲ್ಲ. ನನ್ನ ತಕರಾರು ಎರಡನೇ ಪುಟದ ಮೂರು ವಾಕ್ಯಗಳ ಬಗ್ಗೆ.

ಮೊದಲನೆಯದು: "ಜನಸಂದಣಿಯ ಗೊಡವೆಯಿಲ್ಲದ ಈ ದ್ವೀಪಗಳಲ್ಲಿ ಕಾಲವೇ ನಿಂತುಬಿಟ್ಟಿದೆ."

ಸ್ವಾಮಿ, ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್. 36 ದ್ವೀಪ ಅಂತ ನೀವೇ ಬರೆದಿದ್ದೀರಿ, ಜನ ಇರುವುದು ಹತ್ತರಲ್ಲಿ ಮಾತ್ರ. 2011ರ ಜನಗಣತಿಯಲ್ಲಿ 64,473 ಜನ. ಭಾಗಿಸಿ ನೋಡಿ, ಚದರ ಕಿಲೋಮೀಟರಿಗೆ ಎರಡು ಸಾವಿರ ದಾಟುತ್ತದೆ. ಅದೇ ಜನಗಣತಿಯಲ್ಲಿ ಕರ್ನಾಟಕದ್ದು 319. ಅಂದರೆ ನೀವು ಹೋಗಿದ್ದು ನಮ್ಮ ಹಳ್ಳಿಗಳಿಗಿಂತ ಎಷ್ಟೋ ಪಾಲು ಇಕ್ಕಟ್ಟಿನ ಜಾಗಕ್ಕೆ. ಅಷ್ಟು ಜನ ಅಷ್ಟು ನೆಲದಲ್ಲಿ, ನದಿ ಇಲ್ಲ, ಹಳ್ಳ ಇಲ್ಲ, ಮರಳಿನಡಿ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುವ ಮಳೆನೀರನ್ನೇ ಬಾವಿಯಿಂದ ಸೇದಿಕೊಂಡು ಬದುಕುತ್ತಾ ಬಂದವರು. ಪಂಪು ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. 2005ರಲ್ಲಿ ಕವರತ್ತಿ ದ್ವೀಪದಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ಕಟ್ಟಿದ್ದು ಸುಮ್ನೆ ಅಲ್ಲ. ನಿಮ್ಮ ಬರಹದಲ್ಲಿ ನೀರು ಬರುವುದು ಈಜುವುದಕ್ಕೆ ಮಾತ್ರ. ಆ ಊರಿನವರು ಏನು ಕುಡಿಯುತ್ತಾರೆ ಅಂತ ಒಂದು ಸಾಲೂ ಇಲ್ಲ.

ಎರಡನೆಯದು: "ತೆಂಗು ಮತ್ತು ಮೀನು ಇಲ್ಲಿನವರಿಗೆ ಪ್ರಕೃತಿಯೇ ಕೊಟ್ಟ ವರ."

ಇದನ್ನು ಓದಿ ಪೆನ್ನು ಕೆಳಗಿಟ್ಟೆ. ವರ ಅಂತೆ! ತೆಂಗಿನಕಾಯಿ ತಾನಾಗಿ ಹಗ್ಗ ಆಗುವುದಿಲ್ಲ. ಸಿಪ್ಪೆಯನ್ನು ಲಗೂನಿನ, ಅಂದರೆ ಹವಳದ ದಂಡೆಯೊಳಗಿನ ಆಳವಿಲ್ಲದ ನೀರಿನ, ಅಂಚಿನ ಮರಳಲ್ಲಿ ಗುಂಡಿ ತೋಡಿ ಹೂಳಬೇಕು. ಉಬ್ಬರ ಇಳಿತದ ಉಪ್ಪುನೀರು ಒಳಗೆ ಹೊರಗೆ ಹರಿಯುತ್ತಾ ತಿಂಗಳುಗಟ್ಟಲೆ ಕೊಳೆಯಬೇಕು. ಆಮೇಲೆ ಹೆಂಗಸರು ಕೂತು ಕೊಡತಿಯಿಂದ ಬಡಿದು ಬಡಿದು ನಾರು ಬಿಡಿಸಿ, ಒಣಗಿಸಿ, ಅಂಗೈಯಲ್ಲಿ ಹೊಸೆಯಬೇಕು. ಆ ಗುಂಡಿಯ ವಾಸನೆ ನಿಮ್ಮ ಮೂಗಿಗೆ ಬಡಿಯಲೇ ಇಲ್ಲವೇ? ಮರ ಹತ್ತುವ ಕೆಲಸ ಹಿಂದೆ ಯಾರ ಪಾಲಿನದಾಗಿತ್ತು ಗೊತ್ತೇ? ಮೇಲಾಚೇರಿ ಅನ್ನುವ ಪಂಗಡದವರದ್ದು. ಕೋಯರದು ಭೂಮಿ, ದೋಣಿ. ಮಾಲ್ಮಿಗಳದು ಹಾಯಿ ನಡೆಸುವ ಕೆಲಸ. ಎಲ್ಲರೂ ಮುಸ್ಲಿಮರೇ, ಆದರೂ ಮೇಲು ಕೀಳು ಇತ್ತು. ವರ ಅಂದುಬಿಟ್ಟರೆ ಇದೆಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತದೆ.

ಮೀನಿನದೂ ಅಷ್ಟೇ. ಟ್ಯೂನಾ ಹಿಡಿಯಲು ಹೋಗುವವರು ಮೊದಲು ಲಗೂನಿನಲ್ಲಿ ಸಣ್ಣ ಮೀನು ಹಿಡಿದು, ದೋಣಿಯೊಳಗಿನ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹಿಂಡು ಕಂಡೊಡನೆ ಅವನ್ನು ಎರಚಿ, ಮೇಲೆ ನೀರು ಚಿಮುಕಿಸಿ, ಸಾಲಾಗಿ ನಿಂತು ಗಳದಿಂದ ಒಂದೊಂದೇ ಮೀನನ್ನು ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲದ್ದರಿಂದ ಮೀನು ತಾನೇ ಕಳಚಿ ಬೀಳುತ್ತದೆ. ಮಿನಿಕಾಯ್‌ನವರ ವಿದ್ಯೆ ಇದು, ಉಳಿದ ದ್ವೀಪಗಳಿಗೆ ಆಮೇಲೆ ಹರಡಿದ್ದು. ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಒಣಗಿಸಿ ಕಟ್ಟಿಗೆಯಂತೆ ಗಟ್ಟಿ ಮಾಡಿದರೆ ಅದು ಮಾಸ್. ಐಸ್ ಇಲ್ಲದ ಕಾಲದಲ್ಲಿ ಮೀನನ್ನು ದೂರದ ಪೇಟೆಗೆ ಮುಟ್ಟಿಸಲು ಇದೇ ದಾರಿ. ನೀವು ಅದನ್ನು ತಿಂದಿದ್ದೀರಿ, "ವಿಶಿಷ್ಟ ರುಚಿ" ಅಂತ ಎರಡು ಪದ ಬರೆದಿದ್ದೀರಿ. ಆ ಎರಡು ಪದ ಯಾವ ಊರಿನ ಯಾವ ತಿಂಡಿಗೂ ಹೊಂದುತ್ತವೆ.

ನಾನು ಕೆಲಸ ಕಲಿತದ್ದು ಮಂಗಳೂರಿನ ಒಂದು ಸಣ್ಣ ಪತ್ರಿಕೆಯಲ್ಲಿ. ಅಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಕೈಯಲ್ಲಿ ಕೆಂಪು ಪೆನ್ನು, ಬಾಯಲ್ಲಿ ಎಲೆಯಡಿಕೆ. ಹೊಸ ಹುಡುಗರು ಯಾರೇ ಬರಲಿ, ಮೊದಲ ಕೆಲಸ ಹಳೇ ಬಂದರಿನಲ್ಲಿ. ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು, ಅಂದರೆ ಸರಕಿನ ದೊಡ್ಡ ದೋಣಿಗಳು, ಅಲ್ಲಿ ನಿಂತಿರುತ್ತಿದ್ದವು. "ಸರಕು ತುಂಬುತ್ತಿದ್ದರು ಅಂತ ಬರೆದು ತಂದರೆ ಹರಿದು ಹಾಕುತ್ತೇನೆ" ಅನ್ನುತ್ತಿದ್ದರು. ಏನು ತುಂಬುತ್ತಿದ್ದಾರೆ, ಯಾರು ಹೊರುತ್ತಿದ್ದಾರೆ, ಹೊರೆಗೆ ಎಷ್ಟು ಕೂಲಿ, ಅದು ಅಲ್ಲಿಗೆ ಮುಟ್ಟಿದಾಗ ರೇಟು ಎಷ್ಟು. ಬಿಸಿಲಲ್ಲಿ ನಿಂತು ನೋಡುತ್ತಿದ್ದೆ. ಜಲ್ಲಿ, ಸಿಮೆಂಟು, ಈರುಳ್ಳಿ ಮೂಟೆ, ಅಕ್ಕಿ, ಕಾಲು ಕಟ್ಟಿದ ಆಡು. ಹವಳದ ಮೇಲೆ ಕೂತ ಊರಲ್ಲಿ ಮನೆ ಕಟ್ಟಲು ಕಲ್ಲು ಸಹ ಹಡಗಿನಲ್ಲೇ ಬರಬೇಕು ಅನ್ನುವುದು ಯಾವ ಪುಸ್ತಕ ಓದುವುದಕ್ಕೂ ಮೊದಲೇ ನನಗೆ ಅಲ್ಲೇ ಗೊತ್ತಾಯಿತು. ಒಬ್ಬ ಖಲಾಸಿ ಚಹಾ ಕುಡಿಯುತ್ತಾ, ಮಳೆಗಾಲದಲ್ಲಿ ಮಂಜಿ ನಿಂತರೆ ಅಲ್ಲಿ ಈರುಳ್ಳಿ ಬೆಲೆ ಏನಾಗುತ್ತದೆ ಅಂತ ವಿವರಿಸುತ್ತಿದ್ದ. ಸಂಜೆ ಆ ಹಿರಿಯರು ಕಾಗದ ತೆಗೆದುಕೊಂಡು, ಆಡುಗಳು ಗಂಡೋ ಹೆಣ್ಣೋ ಅಂತ ಕೇಳುತ್ತಿದ್ದರು. ಆಗ ಮೈ ಉರಿಯುತ್ತಿತ್ತು.

ಮೂರನೆಯದು, ನನಗೆ ಜಾಸ್ತಿ ಚುಚ್ಚಿದ್ದು: "ಹೊರಜಗತ್ತಿನ ಗಾಳಿ ಸೋಕದ ಮುಗ್ಧ ಜನ."

ಈ ಜನ ಹೊರಜಗತ್ತನ್ನು ಹುಡುಕಿಕೊಂಡು ಹೋಗಿ ಶತಮಾನಗಳೇ ಆದವು. ಮಾಲ್ಮಿಗಳು ನಕ್ಷತ್ರ ನೋಡಿ ದಿಕ್ಕು ಹಿಡಿಯುತ್ತಿದ್ದರು, ಅದಕ್ಕೆ ಕೈಬರಹದ ಪುಸ್ತಕ ಇಟ್ಟುಕೊಂಡಿದ್ದರು. ಮಿನಿಕಾಯ್ ಗಂಡಸರು ತಲೆಮಾರುಗಳಿಂದ ದೂರದ ಹಡಗುಗಳಲ್ಲಿ ದುಡಿಯುತ್ತಾರೆ, ಅವರ ಮಹಲ್ ಭಾಷೆ ಮಾಲ್ಡೀವ್ಸ್‌ನವರ ಮಾತಿಗೆ ಸೇರಿದ್ದು. ಇನ್ನು ಆಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ. ಇವು 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ರಾಜಮನೆತನದ ಕೈಬಿಟ್ಟು ಟಿಪ್ಪುವಿನ ಕೈಕೆಳಗೆ ಬಂದವು. 1799ರ ನಂತರ ಬ್ರಿಟಿಷರ ಪಾಲಾಗಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆಗ ಆ ದ್ವೀಪಗಳ ಕತ್ತ, ಅಂದರೆ ತೆಂಗಿನ ನಾರಿನ ಹುರಿ, ಮಂಗಳೂರಿಗೆ ಬರಬೇಕಿತ್ತು, ಕೊಳ್ಳುವವರು ಸರ್ಕಾರದವರೇ, ದರ ಕಟ್ಟುವವರೂ ಅವರೇ, ಬದಲಿಗೆ ಅಕ್ಕಿ. ಗದ್ದೆಯೇ ಇಲ್ಲದ ಊರಿನವರು ಆ ಅಕ್ಕಿಯ ಲೆಕ್ಕದಲ್ಲಿ ಎಷ್ಟು ಪಳಗಿರಬೇಕು ಯೋಚಿಸಿ. ನಿಮ್ಮ ವಿಳಾಸ ನೋಡಿದೆ, ನೀವು ಅದೇ ಜಿಲ್ಲೆಯವರು. ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ನೋಡಬಹುದಾದ ಬಂದರಿಗೂ ಈ ಜನಕ್ಕೂ ಇದ್ದ ವ್ಯವಹಾರ ಬಿಟ್ಟು, ಅವರಿಗೆ ಹೊರಜಗತ್ತೇ ಗೊತ್ತಿಲ್ಲ ಅಂತ ಬರೆದರೆ ಹೇಗೆ?

ಆಸ್ತಿಯ ವಿಷಯ ಕೇಳಿ. ಅಲ್ಲಿ ತರವಾಡಿನ, ಅಂದರೆ ಕೂಡುಕುಟುಂಬದ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಅದಕ್ಕೆ ಶುಕ್ರವಾರದ ಸ್ವತ್ತು ಅನ್ನುತ್ತಾರೆ. ಸ್ವಂತ ದುಡಿದದ್ದು ಸೋಮವಾರದ ಸ್ವತ್ತು, ಅದು ಇಸ್ಲಾಮೀ ಕಾನೂನಿನಂತೆ ಹಂಚಿಹೋಗುತ್ತದೆ. ಎರಡು ಕಾನೂನನ್ನು ಎರಡು ವಾರದ ಹೆಸರಲ್ಲಿ ಬೇರೆ ಬೇರೆ ಇಟ್ಟುಕೊಂಡು ಮನೆ ನಡೆಸುವವರನ್ನು ಮುಗ್ಧರು ಅನ್ನಬೇಡಿ. ಅಳಿಯಸಂತಾನ ಕಂಡ ನಮ್ಮ ಕರಾವಳಿಯ ಓದುಗರಿಗೆ ಇದು ಥಟ್ಟನೆ ಹಿಡಿಸುತ್ತದೆ. ಅವರ ಮನೆಯ ಕಥೆಯನ್ನು ಅವರಿಗೇ ಇನ್ನೊಂದು ದಡದಿಂದ ಹೇಳುವ ಅವಕಾಶ ನೀವು ಕೈಯಾರೆ ಬಿಟ್ಟಿರಿ.

ಪ್ರವಾಸೋದ್ಯಮ, ಪರ್ಮಿಟ್ಟು, ಹವಳ ಬಿಳಿಚಿಕೊಳ್ಳುವುದು, ಇವೆಲ್ಲ ನಿಮ್ಮಲ್ಲಿ ಅವಸರವಾಗಿ ಬಂದಿವೆ. ಅದಕ್ಕೆ ಈಗ ಕೈ ಹಾಕುವುದಿಲ್ಲ.

ಬರಹ ವಾಪಸ್ ಕಳುಹಿಸುತ್ತಿದ್ದೇನೆ. ಹಡಗಿನಿಂದ ದೋಣಿಗೆ ಇಳಿಯುವ ಆ ಭಾಗ ಇಟ್ಟುಕೊಳ್ಳಿ, ಎರಡನೇ ಪುಟ ಹೊಸದಾಗಿ ಬರೆಯಿರಿ. ಮತ್ತೆ ದ್ವೀಪಕ್ಕೆ ಹೋಗಬೇಕಿಲ್ಲ. ಮಳೆಗಾಲ ಹಿಡಿಯುವುದರೊಳಗೆ ಒಂದು ದಿನ ಹಳೇ ಬಂದರಿಗೆ ಹೋಗಿ ಕೂತುಕೊಳ್ಳಿ, ಮಂಜಿ ಹತ್ತುವವರನ್ನು ಮಾತಾಡಿಸಿ, ಏನೇನು ಎಷ್ಟಕ್ಕೆ ಹೋಗುತ್ತಿದೆ ಬರೆದುಕೊಳ್ಳಿ. ಜೂನ್ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ. ಸೂರ್ಯಾಸ್ತದ ಫೋಟೋ ಬೇಡ, ಸಿಪ್ಪೆ ಹೂಳುವ ಗುಂಡಿಯದ್ದು ಯಾವುದಾದರೂ ನಿಮ್ಮ ಫೋನಿನಲ್ಲಿದ್ದರೆ ಕಳುಹಿಸಿ.