ಆಟ ಬಿಡಿಸಿದರೆ ಓದು ಹತ್ತುತ್ತಾ?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಪಿ.ಟಿ. ಟೀಚರ್ ಉತ್ತರ

ಪ್ರಶ್ನೆ: ನಮಸ್ಕಾರ ಟೀಚರ್. ನನ್ನ ಮಗಳು ಹತ್ತನೇ ಕ್ಲಾಸು. ಹೋದ ವರ್ಷದವರೆಗೂ ಶಾಲೆಯ ಖೋ ಖೋ ತಂಡದಲ್ಲಿದ್ದಳು. ಈ ಜೂನ್‌ನಿಂದ ಬಿಡಿಸಿದ್ದೇವೆ. ಶಾಲೆ ಮುಗಿದ ಕೂಡಲೇ ಟ್ಯೂಷನ್, ಮನೆಗೆ ಬರುವಾಗ ಎಂಟು ಗಂಟೆ. ಪುಸ್ತಕ ಹಿಡಿದು ಕೂರುತ್ತಾಳೆ, ಆದರೆ ಒಂದೇ ಪುಟವನ್ನು ಅರ್ಧ ಗಂಟೆ ನೋಡುತ್ತಿರುತ್ತಾಳೆ. ಅವರಪ್ಪ "ಆಟ ಎಲ್ಲಿಗೂ ಓಡಿಹೋಗಲ್ಲ, ಮುಂದಿನ ವರ್ಷ ಆಡಲಿ" ಅನ್ನುತ್ತಾರೆ. ನಾವು ಮಾಡಿದ್ದು ಸರಿಯಾ?
— ಒಬ್ಬ ತಾಯಿ, ಅರಸೀಕೆರೆ

ಉತ್ತರ: ಮಗಳ ಒಳ್ಳೆಯದಕ್ಕೇ ಮಾಡಿದ್ದೀರಿ ತಾಯಿ, ಅದು ನನಗೆ ಗೊತ್ತು. ಆದರೂ ಸರಿಯಲ್ಲ ಅಂತಲೇ ಹೇಳುತ್ತೇನೆ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ಒಂದು ವರ್ಷ ಡಿಸೆಂಬರ್‌ನಲ್ಲಿ ಹತ್ತನೇ ಕ್ಲಾಸಿನ ಪಿ.ಟಿ. ಪೀರಿಯಡ್‌ಗಳನ್ನೆಲ್ಲ ಗಣಿತಕ್ಕೆ ಕೊಡಿ ಅಂದರು. ಮಕ್ಕಳ ಪರೀಕ್ಷೆ ಅಲ್ವಾ ಅಂತ ನಾನೂ ಒಪ್ಪಿದೆ. ಮೂರನೇ ವಾರಕ್ಕೆ ಗಣಿತದ ಟೀಚರೇ ಸ್ಟಾಫ್ ರೂಮಿನಲ್ಲಿ ಹೇಳಿದರು: "ಕಡೇ ಪೀರಿಯಡ್‌ನಲ್ಲಿ ಎಲ್ಲರೂ ಬೋರ್ಡ್ ನೋಡ್ತಾರೆ, ಒಬ್ಬರೂ ಅಲ್ಲಿರಲ್ಲ." ಆಗಲಾದರೂ ಪೀರಿಯಡ್ ವಾಪಸ್ ಕೊಡಿ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ. ನಿಮ್ಮ ಮಗಳು ಒಂದೇ ಪುಟ ನೋಡುತ್ತಾ ಕೂರುತ್ತಾಳೆ ಅಂತ ಓದಿದಾಗ ಆ ಕ್ಲಾಸೇ ಕಣ್ಣಿಗೆ ಬಂತು.

ನಿಮ್ಮ ಮಗಳು ಆಡುತ್ತಿದ್ದ ಆಟವನ್ನೇ ತೆಗೆದುಕೊಳ್ಳಿ. ಎಂಟು ಮಂದಿ ಸಾಲಾಗಿ ಕೂತಿರುತ್ತಾರೆ, ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ ಮುಖ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಎದುರಾಳಿ ಕೈಗೆ ಸಿಗುವಷ್ಟು ಹತ್ತಿರ ಇದ್ದರೂ ನಡುವಿನ ಪಟ್ಟಿ ದಾಟುವ ಹಾಗಿಲ್ಲ. ಒಂದು ಕಡೆ ಹೊರಟ ಮೇಲೆ ಹಿಂದಕ್ಕೆ ತಿರುಗುವ ಹಾಗಿಲ್ಲ. ಕೂತವಳು ಬೆನ್ನಿಗೆ ಖೋ ಬೀಳುವವರೆಗೂ ಏಳುವ ಹಾಗಿಲ್ಲ. ಕಾಲು ಓಡು ಅನ್ನುತ್ತಿರುತ್ತದೆ, ತಲೆ ತಡಿ ಅನ್ನಬೇಕು. ಹೊಸದಾಗಿ ಬಂದ ಮಕ್ಕಳು ಮೊದಲ ವಾರ ಬರೀ ಫೌಲ್ ಮಾಡುತ್ತಾರೆ. ಎರಡು ತಿಂಗಳಲ್ಲಿ ಆ ತಡೆಯುವ ಶಕ್ತಿ ಬಂದಿರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಓದುವುದಕ್ಕೂ ಬೇಕಾದದ್ದು ಇದೇ ಶಕ್ತಿ. ಹೊರಗೆ ಹಾರನ್ ಆದರೂ, ಫೋನ್ ಟಿಂಗ್ ಅಂದರೂ ಗಮನ ಪುಟದ ಮೇಲೇ ಇರಬೇಕಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಮತ್ತು ಅವರ ಜೊತೆಯವರು ಏಳರಿಂದ ಒಂಬತ್ತು ವರ್ಷದ 221 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಂಬತ್ತು ತಿಂಗಳು, ದಿನಾ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಆಟೋಟದ ತರಗತಿ. ಇನ್ನೊಂದು ಗುಂಪಿಗೆ ಇಲ್ಲ. ಆಮೇಲೆ ಒಂದು ಪರೀಕ್ಷೆ: ಪರದೆ ಮೇಲೆ ಸಾಲಾಗಿ ಚಿತ್ರಗಳು ಬರುತ್ತವೆ, ಅಕ್ಕಪಕ್ಕದವು ಯಾವ ಕಡೆ ಮುಖ ಮಾಡಿದ್ದರೂ ನಡುವಿನದು ಯಾವ ಕಡೆ ಅಂತ ಮಾತ್ರ ಹೇಳಬೇಕು. ಆಡಿದ ಮಕ್ಕಳು ಹೆಚ್ಚು ಸುಧಾರಿಸಿದ್ದರು. ಜಾಸ್ತಿ ದಿನ ಬಂದವರಿಗೆ ಲಾಭವೂ ಜಾಸ್ತಿ. ಇದು ಪ್ರಕಟವಾದದ್ದು 2014ರಲ್ಲಿ. ಅವರದೇ 2009ರ ಇನ್ನೊಂದು ಅಧ್ಯಯನದಲ್ಲಿ, ಒಂಬತ್ತು ಹತ್ತು ವರ್ಷದ ಮಕ್ಕಳು ಬರೀ 20 ನಿಮಿಷ ಬಿರುಸಾಗಿ ನಡೆದು ಬಂದ ಮೇಲೆ, ಸುಮ್ನೆ ಕೂತಿದ್ದ ದಿನಕ್ಕಿಂತ ಚೆನ್ನಾಗಿ ಓದಿ ಅರ್ಥ ಮಾಡಿಕೊಂಡರು.

ಇವೆಲ್ಲ ನಿಮ್ಮ ಮಗಳಿಗಿಂತ ಚಿಕ್ಕ ಮಕ್ಕಳ ಮೇಲೆ ಮಾಡಿದ್ದು. ಆಡಿದರೆ 625ಕ್ಕೆ 600 ಬರುತ್ತೆ ಅಂತ ನಾನು ಹೇಳುವುದಿಲ್ಲ. ಪಾಠ ಓದಲೇಬೇಕು. ಆದರೆ ಬೆಳಗ್ಗೆಯಿಂದ ರಾತ್ರಿ ಎಂಟರವರೆಗೆ ಕೂತೇ ಇದ್ದ ಹುಡುಗಿಗೆ ಒಂಬತ್ತಕ್ಕೆ ಪುಟ ತಲೆಗೆ ಹೋಗಲಿಲ್ಲ ಅಂದರೆ ಅದು ಅವಳ ಸೋಮಾರಿತನವಲ್ಲ. ದಯವಿಟ್ಟು ಅವಳನ್ನು ಬೈಯಬೇಡಿ.

ಟ್ಯೂಷನ್ ಮುಕ್ಕಾಲು ಗಂಟೆ ತಡವಾಗಿ ಶುರುಮಾಡಲು ಆಗುತ್ತಾ ಅಂತ ಕೇಳಿ ನೋಡಿ. ಆಗದಿದ್ದರೆ ವಾರಕ್ಕೆ ಮೂರು ದಿನವಾದರೂ ಬಿಡಿಸಿ. ಆ ದಿನ ಅವಳು ಹಳೇ ತಂಡದ ಜೊತೆ ಓಡಲಿ. ತಾಲ್ಲೂಕು ಮಟ್ಟಕ್ಕೆ ಹೋಗಲೇಬೇಕು ಅಂತಿಲ್ಲ. ಮಾರ್ಚ್ ಬಂತು ಅಂತ ಅದನ್ನೂ ನಿಲ್ಲಿಸಬೇಡಿ, ಅರ್ಧ ಗಂಟೆಗೆ ಇಳಿಸಿದರೆ ಸಾಕು. ಅವರಪ್ಪನಿಗೆ ಹದಿನೈದು ದಿನ ನೋಡೋಣ ಅಂತ ಕೇಳಿಕೊಳ್ಳಿ. ರಾತ್ರಿ ಆ ಒಂದು ಪುಟಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅವರೇ ನೋಡಲಿ.

ಪ್ರಶ್ನೆ: ಎಂಟು ವರ್ಷದ ಮಗ. ನಮ್ಮದು ಅಪಾರ್ಟ್‌ಮೆಂಟ್, ಮೈದಾನ ಇಲ್ಲ. ಅಬಾಕಸ್‌ಗೆ ಸೇರಿಸಿದ್ದೇವೆ. ಬುದ್ಧಿ ಚುರುಕಾಗಲು ಯಾವ ವ್ಯಾಯಾಮ ಒಳ್ಳೆಯದು? ಟ್ರೆಡ್‌ಮಿಲ್ ತರಬಹುದಾ?
— ಓದುಗರು, ಬೆಂಗಳೂರು

ಉತ್ತರ: ಟ್ರೆಡ್‌ಮಿಲ್ ಬೇಡ ಸರ್. ಎಂಟು ವರ್ಷದ ಹುಡುಗ ಎರಡನೇ ವಾರಕ್ಕೆ ಅದನ್ನು ಮುಟ್ಟುವುದಿಲ್ಲ. ಒಂದು ಹಗ್ಗ, ಒಂದು ಸೀಮೆಸುಣ್ಣ ತನ್ನಿ. ಕಾರು ಬಾರದ ಒಂದು ಮೂಲೆಯಲ್ಲಿ ಕುಂಟೆಬಿಲ್ಲೆ ಮನೆ ಬರೆದುಕೊಡಿ. ಒಂಟಿ ಕಾಲು, ಗೆರೆ ತುಳಿಯಬಾರದು, ಬಿಲ್ಲೆ ಬಿದ್ದ ಮನೆ ಬಿಟ್ಟು ಹಾರಬೇಕು. ಮೈಗೂ ಕೆಲಸ, ತಲೆಗೂ ಕೆಲಸ. ಪಕ್ಕದ ಮನೆ ಮಕ್ಕಳು ತಾವಾಗಿಯೇ ಬಂದು ಸೇರಿಕೊಳ್ಳುತ್ತಾರೆ.

ಎಷ್ಟು ಹೊತ್ತು ಅನ್ನುವುದೂ ಮುಖ್ಯ. ಅಮೆರಿಕದ ಜಾರ್ಜಿಯಾದಲ್ಲಿ ತೂಕ ಜಾಸ್ತಿ ಇದ್ದ 171 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 20 ನಿಮಿಷ ಆಡಿದವರಿಗಿಂತ 40 ನಿಮಿಷ ಆಡಿದವರಿಗೆ ಹೆಚ್ಚು ಪ್ರಯೋಜನ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಹೇಳುತ್ತದೆ. ಉಸಿರು ಏರಬೇಕು, ಬೆವರು ಬರಬೇಕು. ಒಂದೇ ಸಲ ಆಗಬೇಕಿಲ್ಲ.

ಪ್ರಶ್ನೆ: ನಮಸ್ಕಾರ್ರೀ ಟೀಚರ್. ನಾನು ಕಿರಿಯ ಪ್ರಾಥಮಿಕ ಶಾಲೆ ಶಿಕ್ಷಕಿ. ನಮ್ಮಲ್ಲಿ ಪಿ.ಟಿ. ಟೀಚರ್ ಇಲ್ಲ, ಆಟದ ಸಾಮಾನೂ ಇಲ್ಲ. ಮಕ್ಕಳಿಗೆ ಏನು ಮಾಡಿಸಲಿ?
— ಶಿಕ್ಷಕಿ, ಯಾದಗಿರಿ ಜಿಲ್ಲೆ

ಉತ್ತರ: ಸಾಮಾನು ಬೇಕಿಲ್ಲಮ್ಮ. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ ಎಲೈನ್ ವೈಲಿ ಅನ್ನುವ ಮುಖ್ಯ ಶಿಕ್ಷಕಿ 2012ರಲ್ಲಿ ತಮ್ಮ ಪ್ರಾಥಮಿಕ ಶಾಲೆಯ ಮಕ್ಕಳನ್ನು ದಿನಾ 15 ನಿಮಿಷ ಹೊರಗೆ ಓಡಲು ಬಿಟ್ಟರು. ತೊಟ್ಟ ಬಟ್ಟೆಯಲ್ಲೇ, ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ಸುಸ್ತಾದವರು ನಡೆಯಬಹುದು. ಈಗ ಅದು ಎಷ್ಟೋ ದೇಶಗಳ ಶಾಲೆಗಳಲ್ಲಿ ನಡೆಯುತ್ತಿದೆ.

ನಿಮ್ಮ ಕಡೆ ಬಿಸಿಲು ಜೋರು, ಆದ್ದರಿಂದ ಪ್ರಾರ್ಥನೆ ಮುಗಿದ ಕೂಡಲೇ ಮಾಡಿಸಿ. ಶಾಲೆಯ ಸುತ್ತ ಕಲ್ಲು, ಮುಳ್ಳು ಮೊದಲು ತೆಗೆಸಿ, ಅರ್ಧ ಮಕ್ಕಳು ಬರಿಗಾಲಲ್ಲಿ ಬಂದಿರುತ್ತಾರೆ. ತಿಂಡಿ ತಿನ್ನದೆ ಬಂದ ಮಗು ಯಾವುದು ಅಂತ ನಿಮಗೆ ಗೊತ್ತಿರುತ್ತೆ, ಅದನ್ನು ನಿಮ್ಮ ಜೊತೆ ನಿಧಾನ ನಡೆಸಿಕೊಂಡು ಹೋಗಿ. ಉಬ್ಬಸ ಇರುವ ಮಕ್ಕಳನ್ನೂ ಅಷ್ಟೇ. ಕೂರಿಸಿ ಬಿಡಬೇಡಿ. ಓಡಿ ಬಂದ ಮೇಲೆ ನೀರು ಕುಡಿಯಲು ಐದು ನಿಮಿಷ ಕೊಡಿ. ಆಮೇಲೆ ಕನ್ನಡ ಓದಿಸುವ ಪಾಠ ಇಟ್ಟುಕೊಳ್ಳಿ. ಒಂದು ತಿಂಗಳಾದ ಮೇಲೆ ಹಿಂದಿನ ಬೆಂಚಿನ ಮಕ್ಕಳು ಹೇಗೆ ಓದುತ್ತಿದ್ದಾರೆ ಅಂತ ನನಗೆ ಬರೆಯಿರಿ. ನಾನು ಕಾಯುತ್ತಿರುತ್ತೇನೆ.