ಕೊಟ್ಟವರಿಗೂ ನೋವು, ಪಡೆದವರಿಗೂ ನೋವು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೈಸೂರು ಕಡೆಯ ಕಥೋಲಿಕ ಧರ್ಮಕೇಂದ್ರವೊಂದಕ್ಕೆ ಸೇರಿದ ನಿವೃತ್ತ ಬ್ಯಾಂಕ್ ನೌಕರರು ಪತ್ನಿಯೊಡನೆ ಬಂದಿದ್ದರು. ವಯಸ್ಸು 63. ಅದೇ ಧರ್ಮಕೇಂದ್ರದಲ್ಲಿ ಬ್ಲೌಸ್ ಹೊಲಿದು ಸಂಸಾರ ನಡೆಸುವ ವಿಧವೆಯೊಬ್ಬರಿದ್ದಾರೆ. ಅವರ ಮಗಳ ಬಿ.ಕಾಂ. ಶುಲ್ಕ, ವರ್ಷಕ್ಕೆ 28,000 ರೂಪಾಯಿ, ಎರಡು ವರ್ಷ ಇವರೇ ಕೊಟ್ಟಿದ್ದರು. ಈಗ ಆ ತಾಯಿ ಭಾನುವಾರದ ಪೂಜೆಗೆ ಬೇರೆ ಚರ್ಚಿಗೆ ಹೋಗುತ್ತಾರೆ, ಎದುರು ಸಿಕ್ಕರೂ ಮಾತಾಡುವುದಿಲ್ಲ. "ನಾನೇನು ತಪ್ಪು ಮಾಡಿದೆ? ಉಪಕಾರ ಸ್ಮರಣೆಯೇ ಇಲ್ಲವಲ್ಲ" ಎಂಬುದು ಇವರ ಅಳಲು.

ಕೇಳುತ್ತಾ ಹೋದಂತೆ ಎರಡು ಸಂಗತಿ ಹೊರಬಂದವು. ಎರಡನೆಯ ವರ್ಷದ ಚೆಕ್ಕನ್ನು ಪೂಜೆ ಮುಗಿದ ಮೇಲೆ ಎಲ್ಲರೆದುರು ಹುಡುಗಿಯ ಕೈಗೆ ಕೊಡಲಾಗಿತ್ತು. ಫೋಟೊ ಧರ್ಮಕೇಂದ್ರದ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಇದು ಅವರಿಗೇ ಗೊತ್ತಿತ್ತು. ಇನ್ನೊಂದನ್ನು ಪತ್ನಿ ಹೇಳಿದರು. ಕ್ರಿಸ್ಮಸ್‌ಗೆ ಆ ತಾಯಿ ಸ್ಟೀಲ್ ಡಬ್ಬಿಯಲ್ಲಿ ಕರ್ಜಿಕಾಯಿ ಕಳಿಸಿದ್ದರು. ಇವರು, "ಇದೆಲ್ಲ ಯಾಕಮ್ಮಾ, ನಿಮಗೇ ಕಷ್ಟ" ಎಂದು ಹುಡುಗಿಗೆ ಹೇಳಿ, ಖಾಲಿ ಡಬ್ಬಿಯಲ್ಲಿ 500ರ ನೋಟಿಟ್ಟು ವಾಪಸ್ ಕೊಟ್ಟರು. ನಮ್ಮ ದೃಷ್ಟಿಯಲ್ಲಿ ಫೋಟೊಗಿಂತ ಆಳವಾಗಿ ತಾಗಿದ್ದು ಆ ನೋಟು. ತಾನೂ ಕೊಡಬಲ್ಲೆ ಎಂದು ಆ ಮನೆ ತೋರಿಸಿದ ಒಂದೇ ಕ್ಷಣವನ್ನು ಅದು ಅಳಿಸಿಬಿಟ್ಟಿತು.

ಇವರ ಪ್ರೀತಿ ಸುಳ್ಳಲ್ಲ. ಆದರೆ ಪ್ರತಿ ವರ್ಷ ವಿಭೂತಿ ಬುಧವಾರ, ಅಂದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೊದಲ ದಿನ, ಓದುವ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನವನ್ನು ಗುಟ್ಟಾಗಿಡಲು ಹೇಳುವಾಗ, ಪಡೆಯುವವರ ಮಾನವೂ ಅದರಿಂದ ಉಳಿಯುತ್ತದೆ ಎಂಬುದು ಇವರಿಗೆ ಹೊಳೆದಿರಲಿಲ್ಲ. ಬೈಬಲಿನ ರೂತಳ ಪುಸ್ತಕದ 2ನೇ ಅಧ್ಯಾಯವನ್ನು ಒಟ್ಟಿಗೆ ಓದಿದೆವು. ಬಡ ವಿಧವೆ ರೂತಳು ಹೊಲದಲ್ಲಿ ಬಿದ್ದ ತೆನೆ ಆಯಲು ಬಂದಿರುತ್ತಾಳೆ. ಹೊಲದ ಒಡೆಯ ಬೋವಜನು ಕೊಯ್ಲಿನ ಆಳುಗಳಿಗೆ, ಸಿವುಡುಗಳಿಂದ ಬೇಕೆಂದೇ ತೆನೆ ಉದುರಿಸಿ, ಆಕೆಯನ್ನು ಗದರಬೇಡಿ ಎನ್ನುತ್ತಾನೆ. ರೂತಳು ಆಯ್ದದ್ದು ಆಕೆಯ ದುಡಿಮೆಯಾಗಿಯೇ ಉಳಿಯಿತು. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಮೂರನೆಯ ವರ್ಷದ ಶುಲ್ಕ ನಿಲ್ಲಿಸಬಾರದು, ಮಾತು ಕೊಟ್ಟಾಗಿದೆ. ಆ ತಾಯಿ ಯಾವ ಚರ್ಚಿಗೆ ಹೋದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕ್ಷಮೆ ಕೇಳಲು ಗಂಡಹೆಂಡತಿ ಇಬ್ಬರೇ, ಬರಿಗೈಯಲ್ಲಿ ಹೋಗಬೇಕು. ಹಣ್ಣು, ಸಿಹಿ ಏನನ್ನು ಒಯ್ದರೂ ಅದು ಇನ್ನೊಂದು ಉಪಕಾರವಾಗುತ್ತದೆ. "ಫೋಟೊ ಹಾಕಿಸಿದ್ದು, ಡಬ್ಬಿಯಲ್ಲಿ ದುಡ್ಡಿಟ್ಟದ್ದು ತಪ್ಪಾಯಿತು" ಎಂದಷ್ಟೇ ಹೇಳಿ, ಕಾಫಿ ಕೊಟ್ಟರೆ ಕುಡಿದು ಬರಬೇಕು. "ನನ್ನ ಉದ್ದೇಶ ಒಳ್ಳೆಯದಿತ್ತು" ಎಂದು ಶುರು ಮಾಡಿದರೆ ಸಮಾಧಾನ ಮಾಡುವ ಕೆಲಸ ಆಕೆಯ ತಲೆಗೇ ಬೀಳುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಕ್ಷಮೆ ಬೇಡವೇ ಬೇಡ, ಹುಡುಗಿಯ ಹೆಸರು ಮತ್ತೆ ಎಲ್ಲರ ಬಾಯಿಗೆ ಬರುತ್ತದೆ.

ಮುಂದಿನ ದಾನಗಳಿಗೆ ಸೇಂಟ್ ವಿನ್ಸೆಂಟ್ ದೆ ಪಾಲ್ ಸಭೆಯ ಕ್ರಮವನ್ನು ಸೂಚಿಸಿದೆವು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಜನಾಂ ಮತ್ತು ಗೆಳೆಯರು ಕಟ್ಟಿದ ಈ ಸಭೆಯವರು ಇಬ್ಬಿಬ್ಬರಾಗಿ ಮನೆಗೆ ಹೋಗಿ ಕಷ್ಟ ವಿಚಾರಿಸುತ್ತಾರೆ, ತಿಳಿದದ್ದನ್ನು ಹೊರಗೆ ಆಡುವುದಿಲ್ಲ. ಸಭೆ ಸೇರಿದಾಗ ಚೀಲ ಸುತ್ತಿಸುತ್ತಾರೆ. ಯಾರು ಎಷ್ಟು ಹಾಕಿದರೆಂದು ಪಕ್ಕದವರಿಗೂ ತಿಳಿಯದು. ವಿದ್ಯಾರ್ಥಿಗಳ ಶುಲ್ಕವಾದರೆ ನೇರ ಕಾಲೇಜಿನ ಖಾತೆಗೆ ಕಟ್ಟಿ, ರಸೀದಿಯನ್ನು ಮಕ್ಕಳ ಹೆಸರಿನಲ್ಲೇ ಪಡೆಯಲಿ. ಎಡಗೈಗೆ ತಿಳಿಯಬಾರದು ಎಂದರೆ ಹೆಂಡತಿಗೂ ತಿಳಿಯಬಾರದು ಎಂದಲ್ಲ: 28,000ದ ಲೆಕ್ಕ ಪತ್ನಿಗೆ ಗೊತ್ತಾದದ್ದು ಆ ಫೋಟೊದಿಂದ. ಪಿಂಚಣಿಯಲ್ಲಿ ತಿಂಗಳಿಗೆ ಎಷ್ಟು ಎತ್ತಿಡುವುದೆಂದು ಇಬ್ಬರೂ ಕೂತು ತೀರ್ಮಾನಿಸಲಿ. ಬ್ಲೌಸ್ ಹೊಲಿಗೆಯನ್ನು ಆ ತಾಯಿಗೇ ಕೊಡಬಹುದು, ಆದರೆ ಊರವರು ಕೊಡುವ ಕೂಲಿಯನ್ನೇ ಕೊಡಬೇಕು, ಒಂದು ರೂಪಾಯಿ ಹೆಚ್ಚಿಗೆ ಬೇಡ. ಅವರ ಮನೆಯಿಂದ ಏನಾದರೂ ಬಂದರೆ ಸಂತೋಷದಿಂದ ತಿಂದು, ಚೆನ್ನಾಗಿತ್ತು ಎಂದು ಹೇಳಿ ಕಳಿಸಬೇಕು.

ಎರಡನೆಯ ಭೇಟಿಯ ಹೊತ್ತಿಗೆ ಶುಲ್ಕ ಕಾಲೇಜಿಗೆ ಸಂದಾಯವಾಗಿತ್ತು. ಕ್ಷಮೆ ಕೇಳಲು ಹೋದಾಗ ಆ ತಾಯಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ಆಗಲಿ ಸಾರ್" ಎಂದರಂತೆ. ಒಳಗೆ ಕರೆಯಲಿಲ್ಲ. ಅದು ಇವರಿಗೆ ನೋವು ತಂದಿದೆ. ಮತ್ತೆ ಹೋಗಬೇಡಿ, ಆಕೆಗೆ ಸಮಯ ಬೇಕು ಎಂದಿದ್ದೇವೆ. ತಿಂಗಳ ಮೊತ್ತದ ವಿಷಯ ಗಂಡಹೆಂಡತಿಯ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ಭೇಟಿ ಅದಕ್ಕೆ.